ರಜೆಯ ದಿನದ ಹಾಡು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಅಕ್ಕನ ನೆನಪುಗಳು. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮನೆಗೆ ಬರುವ ಮೇಧಾವಿಗಳಿಗೆ ಚಹಾ ಕಾಸುವುದರಲ್ಲೇ ನನ್ನ ಹೊತ್ತು ಹೋಗುತ್ತಿದೆ. ನಿನ್ನ ಭಾವ ಬೇಕರಿಯ ಬೆಂಕಿಯಲ್ಲಿ ಹೋದ ಮೇಲೆ ಅವರ ಹಾಡಿಗೆ ಇದ್ದಕ್ಕಿದ್ದಂತೆ ಅರ್ಥ ಹುಟ್ಟಿಕೊಂಡಿದೆ. ಬದುಕಿದ್ದಾಗ ಅದನ್ನು ಕೇಳಿ ಆಕಳಿಸುತ್ತಿದ್ದವರೇ ಈಗ ಕಣ್ಣೊರೆಸಿಕೊಳ್ಳುತ್ತಾರೆ.

ನೀನೂ ಕೇಳಿದ್ದೀಯ, "ಅಕ್ಕಾ, ಭಾವನಿಗೆ ಮೊದಲೇ ಗೊತ್ತಿತ್ತಾ?" ಅಂತ. ನಿನ್ನ ತಲೆಗೂ ಹುಳ ಬಿಟ್ಟರಲ್ಲ! ಎಲ್ಲರೂ ಹಿಡಿದುಕೊಂಡು ಜಗ್ಗುತ್ತಿರುವುದು ಈ ನಾಲ್ಕು ಸಾಲನ್ನು:

ನಾಳೆ ನನ್ನ ಎಬ್ಬಿಸಬೇಡ,
ಕೂಗಿದರೂ ಓಗೊಡೆ;
ಬೆಂಕಿ ಮುಂದೆ ನಿಂತದ್ದು ಸಾಕು,
ಬಾಗಿಲು ಹಾಕಿ ನಡೆ.

ಇದು ಹುಟ್ಟಿದ್ದು ಹೇಗೆಂದು ನನ್ನನ್ನು ಕೇಳು. ಬೇಕರಿಯಲ್ಲಿ ಒಲೆ ಹೊತ್ತಿಸುವ ಕೆಲಸ ಅವರದು, ಊರಿಗೆಲ್ಲ ಮೊದಲು ಏಳಬೇಕಿತ್ತು. ನಮ್ಮ ಮದುವೆಯಾದ ಮೇಲೆ ಮೊದಲ ಸಲ ಮಾಲೀಕ ಒಂದು ದಿನ ರಜೆ ಕೊಟ್ಟ. ಆ ಸಂಜೆ ಹಿಟ್ಟು ಮೆತ್ತಿದ ಕೈಯಲ್ಲೇ ತಟ್ಟೆ ಬಡಿಯುತ್ತ ಕಟ್ಟಿದ ಹಾಡು ಅದು. ಮರುದಿನ ಬಿಸಿಲು ಹಾಸಿಗೆಗೆ ಬರುವ ತನಕ ಗೊರಕೆ ಹೊಡೆದರು. ಇಷ್ಟೇ ಅದರ ವೇದಾಂತ.

ಮೊನ್ನೆ ಆ ಮಾಲೀಕನೇ ಸ್ಮರಣೆಯ ಸಭೆ ಇಟ್ಟಿದ್ದ. ಒಬ್ಬ ಪ್ರಾಧ್ಯಾಪಕ ಕನ್ನಡಕ ಏರಿಸಿಕೊಂಡು, "ಬಾಗಿಲು ಅಂದ್ರೆ ಇಲ್ಲಿ ಇಹಲೋಕದ ಬಾಗಿಲು" ಅಂದ. ನನಗೆ ತಡೆಯಲಾಗಲಿಲ್ಲ. "ಅದು ನಮ್ಮ ಮಲಗೋ ಕೋಣೆ ಬಾಗಿಲು ಸ್ವಾಮಿ, ಪಾತ್ರೆ ಸದ್ದು ಕೇಳಿಸಬಾರದು ಅಂತ ನಾನೇ ಹಾಕಿದ್ದು" ಎಂದು ಎದ್ದು ಹೇಳಿದೆ. "ಪಾಪ, ದುಃಖದಲ್ಲಿದ್ದಾರೆ" ಎಂದು ಯಾರೋ ಕೈಹಿಡಿದು ಕೂರಿಸಿದರು. ಬುದ್ಧಿವಂತರು ಮಾತಾಡುವಾಗ ಹೆಂಡತಿಗೇನು ಗೊತ್ತಿರುತ್ತದೆ ಹೇಳು!

ಸಭೆ ಮುಗಿದ ಮೇಲೆ ಮಾಲೀಕ ಬಂದು ಮೂಗೊರೆಸಿಕೊಂಡ. "ಅವನಿಗೆ ಮೊದಲೇ ಗೊತ್ತಿತ್ತಮ್ಮಾ. ಹಣೆಬರಹ ಯಾರಿಂದ ತಪ್ಪಿಸೋಕಾಗುತ್ತೆ?" ಅಂದ. ಹಣೆಬರಹವಂತೆ! ಒಲೆಯ ಗ್ಯಾಸ್ ಪೈಪು ಸೋರುತ್ತಿದೆ, ಬದಲಾಯಿಸಿ ಎಂದು ನಿನ್ನ ಭಾವ ಹೇಳಿ ಹೇಳಿ ಸೋತಿದ್ದರು. ಅದನ್ನು ರಾಗ ಹಾಕಿ ಹೇಳಲಿಲ್ಲ, ಅದಕ್ಕೇ ಇವನ ಕಿವಿಗೆ ಬೀಳಲಿಲ್ಲವೇನೋ. ಈಗ ಹೊಸ ಪೈಪು ಹಾಕಿಸಿದ್ದಾನೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೆಂಕಿಯ ವಿಚಾರಣೆಯಲ್ಲೂ ಆ ಹಾಡನ್ನೇ ಓದಿಸುತ್ತಾನಂತೆ. ಸತ್ತವನೇ ಸಾವನ್ನು ಹಾಡಿ ಕರೆದ ಎಂದಾದರೆ ಇವನ ತಲೆ ಉಳಿಯುತ್ತದಲ್ಲ! ನಾಡಿದ್ದು ನಾನೂ ಹೋಗುತ್ತೇನೆ. ಪೈಪಿನ ಮಾತು ಬಿಟ್ಟು ಬೇರೇನೂ ಆಡುವವಳಲ್ಲ. ಹೆದರಿಕೆ ಇದೆ, ಆದರೆ ಆ ಮನುಷ್ಯನ ಮೇಲಿನ ಅಸಹ್ಯ ಅದಕ್ಕಿಂತ ದೊಡ್ಡದು.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ಹೊತ್ತು ಹೊತ್ತಿಗೆ ಉಣ್ಣು, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಇಷ್ಟೆಲ್ಲ ಉಗಿದೆನಲ್ಲ, ನಿನ್ನೆ ನಾನೂ ಬಾಗಿಲು ಹಾಕಿಕೊಂಡು ಟೇಪಿನಲ್ಲಿ ಅವರ ದನಿಯಲ್ಲೇ ಆ ಹಾಡು ಕೇಳಿದೆ. ಆ ದಡ್ಡರ ಹಾಗೆಯೇ ಒಂದೊಂದು ಸಾಲನ್ನೂ ಕೆದಕಿದೆ. ಈ ಮೇಧಾವಿಗಳ ಕಥೆಯಲ್ಲಾದರೆ ನಿನ್ನ ಭಾವ ನನಗೆ ವಿದಾಯ ಹೇಳಿ ಹೋಗಿದ್ದಾರೆ. ನಿಜವಾಗಿ ಆ ಕೊನೆಯ ಬೆಳಿಗ್ಗೆ ಅವರು ನನಗೆ ಅಂದದ್ದು, "ಕೊಡೆ ಎಲ್ಲಿಟ್ಟೆ?" ಅಷ್ಟೇ.