ಹೊರಳಿಸಿದ ಮೂಳೆ

ಚುಲೂನ್,

ಹಿಮಗಾಳಿಯಲ್ಲಿ ಕುದುರೆಗಳನ್ನು ಹುಡುಕಲು ಹೋದವನು ನೀನು. ಇವತ್ತಿಗೆ ನಲವತ್ತು ದಿನ. ಬೆಳಿಗ್ಗೆ ಚಹಾ ಕುದಿಸುತ್ತಿದ್ದೆ. ನಮ್ಮ ಉರಂಗೋ ಕುರಿಯ ಕಾಲ್ಗಿಣ್ಣಿನ ನಾಲ್ಕು ಮೂಳೆ ಹಿಡಿದು, "ಅಪ್ಪ ಬರ್ತಾನಾ?" ಎಂದು ಕೇಳಿ ಎಸೆದಳು. ಮೂರು ಮೂಳೆ ಶುಭದ ಮಗ್ಗುಲು, ಅಂದರೆ ನಾವು 'ಕುದುರೆ' ಅನ್ನುವ ಮಗ್ಗುಲು, ಮೇಲಾಗಿ ಬಿದ್ದವು; ಒಂದು ಮಾತ್ರ 'ಮೇಕೆ' ಮಗ್ಗುಲು ಮೇಲಾಗಿ. ಅಪಶಕುನ. ಅವಳು ಕಿರುಬೆರಳಿನಿಂದ ಅದನ್ನು ಮೆಲ್ಲಗೆ ಹೊರಳಿಸಿ, "ನೋಡಮ್ಮಾ, ನಾಲ್ಕೂ ಕುದುರೆ! ಬಂದೇ ಬರ್ತಾನೆ," ಎಂದಳು.

"ಏಯ್ ಕಳ್ಳಿ, ಬಿದ್ದ ಮೂಳೆ ಮುಟ್ತಾರೇನೇ? ಯಾರೇ ಕಲಿಸಿದ್ದು ನಿಂಗೆ?" ಎಂದು ಗದರಿದೆ.

"ನೀನೇ! ಅವತ್ತು ಅಪ್ಪ ಹೊರಡೋಕೆ ಹಿಂದೆ ಮುಂದೆ ನೋಡ್ತಿದ್ದಾಗ ನೀನೇ ಹೀಗೆ ಮಾಡಿದ್ಯಲ್ಲ!"

ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಉರಂಗೋ ಮೂಳೆಗಳನ್ನು ನನ್ನ ಕೈಗೆ ತುರುಕಿ, "ಈಗ ನೀನು ಎಸಿಯಮ್ಮಾ," ಎಂದಳು.

ಅವು ಇನ್ನೂ ನನ್ನ ಎಡಗೈಯಲ್ಲೇ ಇವೆ.