ಹೃದಯಕ್ಕೊಂದು ಲೋಡ್ ಟೆಸ್ಟ್

ಮನೆ, ಕಿಟಕಿ ಪಕ್ಕದ ಕುರ್ಚಿ
ಶನಿವಾರ, ಮಾರ್ಚ್ ೮

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆ ಆಯಿತಾ, ಇಲ್ಲ ಮೊಮ್ಮಗಳನ್ನು ಎತ್ತಿಕೊಂಡು ತಿರುಗುವ ಭರದಲ್ಲಿ ಮರೆತೇ ಹೋಗಿದೆಯಾ? ತಂಗಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಾ? ಮಗು ಥೇಟ್ ನನ್ನ ಹಾಗೆ ಅಳುತ್ತದೆ ಅಂತ ನೀನು ಹೇಳಿದಾಗಿನಿಂದ ನನಗೆ ಅದರ ಮೇಲೆ ವಿಶೇಷ ಮಮತೆ. ನಾನು ಆರಾಮಾಗಿದ್ದೇನೆ. ನೀನು ಗಾಬರಿಬಿದ್ದು ಹೊರಟು ಬರುವುದೇನೂ ಬೇಡ. ಫೋನಿನಲ್ಲಿ ನೀನು ಬಾಯಿ ಬಿಡಿಸಲು ನೋಡುತ್ತೀಯ, ನಾನು ಜಾರಿಕೊಳ್ಳುತ್ತೇನೆ. ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ.

ನೆಗಡಿಯಂಥ ರೋಗವಿಲ್ಲ ಅಂತ ನೀನು ಹೇಳುವಾಗೆಲ್ಲ ನಗುತ್ತಿದ್ದೆ. ಈಗ ನಗುವುದಿಲ್ಲ. ಜ್ವರ, ಕೆಮ್ಮು ಬಂದು ಹೋಗಿ, ಇನ್ನೇನು ಕೆಲಸಕ್ಕೆ ಮರಳಿದೆ ಅನ್ನುವಾಗ ಎದೆ ಹಿಂಡಿತಲ್ಲ, ಅದು ಹೃದಯದ ಸ್ನಾಯುವಿನ ಉರಿಯೂತವಂತೆ. ಡಾಕ್ಟರಮ್ಮ ಸ್ಕ್ಯಾನ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಒಳಗಿನ ಪುಟ್ಟ ಬಾಗಿಲುಗಳು ಪಟಪಟ ತೆರೆದು ಮುಚ್ಚುತ್ತಿದ್ದವು, ಒಂದು ಪಕ್ಕದ ಗೋಡೆ ಮಾತ್ರ ಸೋಮಾರಿಯ ಹಾಗೆ ಅಲುಗುತ್ತಿತ್ತು. ನೋವು ಮರೆತು ನೋಡುತ್ತಾ ಮಲಗಿದ್ದೆ. ವೈರಸ್ ಆಗಲೇ ಜಾಗ ಖಾಲಿ ಮಾಡಿದೆಯಂತೆ. ಅದನ್ನು ಓಡಿಸಲು ಎದ್ದ ನನ್ನದೇ ಮೈಯ ರೋಗನಿರೋಧಕ ಪಡೆ ಮಾತ್ರ ಕೈ ನಿಲ್ಲಿಸದೆ, ಹೃದಯವನ್ನೇ ಶತ್ರು ಅಂದುಕೊಂಡು ಬಾರಿಸುತ್ತಿದೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಅಂದೆ. "ಬರೆ ಎಳೀತಿರೋದೂ ನೀವೇ, ಎಳೆಸ್ಕೊಳ್ತಿರೋದೂ ನೀವೇ" ಅಂತ ನಕ್ಕರು. ನನ್ನ ಮೈಗೆ ನನ್ನ ಗುರುತೇ ಹೇಗೆ ತಪ್ಪಿತು? ನನ್ನ ಜೊತೆ ಲಿಫ್ಟ್ ರಿಪೇರಿ ಮಾಡುವ ಗ್ರೀಸಣ್ಣನಿಗೂ ಅದೇ ನೆಗಡಿ ಬಂದಿತ್ತು, ಅವನು ನಾಲ್ಕು ಸಲ ಸೀನಿ ಎದ್ದು ಕೂತ. ನನಗೇ ಏಕೆ ಹೀಗಾಯಿತು ಅಂತ ಕೇಳಿದರೆ ಡಾಕ್ಟರಮ್ಮನ ಹತ್ತಿರವೂ ಪೂರ್ತಿ ಉತ್ತರವಿಲ್ಲ.

ಲಿಫ್ಟ್ ಕೆಟ್ಟರೆ ನಾವು ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡು ನೇತುಹಾಕುತ್ತೇವೆ. ಹೃದಯಕ್ಕೆ ಆ ಸ್ವಿಚ್ಚೇ ಇಲ್ಲ ನೋಡು, ಓಡುತ್ತಲೇ ರಿಪೇರಿ ಆಗಬೇಕು. ಭಾರವನ್ನಾದರೂ ಇಳಿಸೋಣ ಅಂತ ಮಾತ್ರೆ ಕೊಟ್ಟು, ಆರು ತಿಂಗಳು ಹತ್ತಬೇಡಿ, ಎತ್ತಬೇಡಿ, ಓಡಬೇಡಿ ಅಂದಿದ್ದಾರೆ. ಉರಿಯೂತ ಇಳಿಯುವ ಮೊದಲೇ ದಣಿಸಿದರೆ ಬಡಿತ ದಾರಿ ತಪ್ಪಿ ನಿಂತೇ ಹೋಗಬಹುದಂತೆ. ಇದನ್ನು ನಿನಗೆ ಫೋನಿನಲ್ಲಿ ಹೇಳಿರಲಿಲ್ಲ.

ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಷ್ಟು ದಿನ ಅಂತ ಕೂರಲಿ? ಕಳೆದ ವಾರ ನೋವು ಪೂರ್ತಿ ಹೋಗಿತ್ತು. ನಮ್ಮ ಕಸುಬಿನಲ್ಲಿ ದೊಡ್ಡ ರಿಪೇರಿ ಮುಗಿದ ಮೇಲೆ ಭಾರ ತುಂಬಿ ಓಡಿಸಿ ನೋಡದೆ ಜನರನ್ನು ಹತ್ತಿಸುವುದಿಲ್ಲ. ಹೃದಯಕ್ಕೂ ಒಂದು ಲೋಡ್ ಟೆಸ್ಟ್ ಆಗಿಬಿಡಲಿ ಅಂತ ಟೂಲ್ ಬ್ಯಾಗ್ ಹೆಗಲಿಗೇರಿಸಿ ನಮ್ಮ ಮನೆಯ ಮೆಟ್ಟಿಲನ್ನೇ ಕೆಳಗಿನಿಂದ ಹತ್ತಿದೆ. ಮೂರನೆಯ ಮಹಡಿವರೆಗೆ ಜಂಬವೋ ಜಂಬ. ಆಮೇಲೆ ಎದೆಯೊಳಗೆ ಮೀನು ಒದ್ದಾಡಿದ ಹಾಗಾಗಿ, ಕಣ್ಣಿಗೆ ಕತ್ತಲೆ ಕವಿದು, ಗೋಡೆಗೆ ಒರಗಿ ಕೂತುಬಿಟ್ಟೆ. ನನ್ನನ್ನು ನೋಡಲು ಬರುತ್ತಿದ್ದ ಗ್ರೀಸಣ್ಣ ಬೈಯುತ್ತಲೇ ಆಸ್ಪತ್ರೆಗೆ ಸೇರಿಸಿದ. ಎದೆಗೆಲ್ಲ ತಂತಿ ಅಂಟಿಸಿ ಮರುದಿನದವರೆಗೆ ಇಟ್ಟುಕೊಂಡು ಕಳಿಸಿದರು. ಡಾಕ್ಟರಮ್ಮ ಗದರಲಿಲ್ಲ. "ರಿಪೇರಿ ಮುಗೀತು ಅಂತ ನಿಮಗೆ ಯಾರು ಹೇಳಿದ್ರು?" ಅಂತ ಕೇಳಿದರು, ಅಷ್ಟೇ.

ಈಗ ಮಣಿಕಟ್ಟಿನ ಮೇಲೆ ಬೆರಳಿಟ್ಟು ಬಡಿತ ಕೇಳುತ್ತಾ ಕೂರುತ್ತೇನೆ. ಕಂಡವರ ಮೋಟಾರಿಗೆಲ್ಲ ಕಿವಿಗೊಟ್ಟವಳು ಇದಕ್ಕೆ ಒಂದು ದಿನವೂ ಕೊಟ್ಟಿರಲಿಲ್ಲ. ಮಾತಾಡುವಾಗ ಒಂದು ಥರ, ನಿನ್ನನ್ನು ನೆನೆದಾಗ ಇನ್ನೊಂದು ಥರ ಬಡಿಯುತ್ತದೆ, ನಿಜವಾಗಿಯೂ.

ತಂಗಿಗೆ ನನ್ನ ಪ್ರೀತಿ ತಿಳಿಸು. ಮಗುವಿನ ಅಂಗಾಲಿಗೆ ದೊಡ್ಡಮ್ಮನದೊಂದು ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಲಿಫ್ಟಮ್ಮ

ತಾ.ಕ.: ಗ್ರೀಸಣ್ಣ ಕಾಗದ ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾನೆ. ಬರುವುದು ಬೇಡ ಅಂತ ಮೇಲೆ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆ ಮತ್ತೆ ಬ್ಯಾಗ್ ಎತ್ತಿಕೊಂಡು ಹೊಸಿಲವರೆಗೆ ಹೋಗಿದ್ದೆ. ನನ್ನ ಮಾತು ನಾನೇ ಕೇಳುತ್ತಿಲ್ಲ, ನೀನು ಹೇಳಿದರೆ ಕೇಳುತ್ತೇನೆ. ಭಯವಾಗಿದೆ ಅಮ್ಮಾ. ತಂಗಿಯ ಹತ್ತಿರ ಅವಳ ಅತ್ತೆ ಇದ್ದಾರಲ್ಲ, ಹೊರಟು ಬಾ. ಲಿಫ್ಟ್ ಅಂದರೆ ನಿನಗೆ ಹೆದರಿಕೆ, ಗೊತ್ತು. ಆದರೆ ಈ ಸಲ ನಿನ್ನ ಪೆಟ್ಟಿಗೆ ಹೊತ್ತು ಜೊತೆಗೆ ಮೆಟ್ಟಿಲು ಹತ್ತಲು ನನ್ನಿಂದಾಗುವುದಿಲ್ಲ. ಕಣ್ಣು ಮುಚ್ಚಿಕೊಂಡಾದರೂ ಲಿಫ್ಟಿನಲ್ಲೇ ಬಾ.