ಮೂರನೇ ವಾರದ ಹುಡುಗಿಗೆ ಆರು ಹಾಸಿಗೆ ಒಪ್ಪಿಸಿದವರಿಗೆ

ವೃತ್ತಿ ತರಬೇತಿ ಕಾಲೇಜಿನ ನಿರ್ದೇಶಕರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನಿಮ್ಮ ವಿಚಾರಣಾ ವರದಿ ಓದಿದೆ. ಶುಶ್ರೂಷೆ ವಿಭಾಗದ ವಿದ್ಯಾರ್ಥಿನಿಯೊಬ್ಬಳ ತಲೆಯ ಚರ್ಮ ಕೂದಲ ಸಮೇತ ಕಿತ್ತು ಬಂದದ್ದಕ್ಕೆ, ಎಡಗೈಯ ಮೂರು ಬೆರಳು ಮುರಿದದ್ದಕ್ಕೆ, ನಾಲ್ಕು ಹಲ್ಲು ಉದುರಿದ್ದಕ್ಕೆ ಕಾರಣ 'ವಿದ್ಯಾರ್ಥಿನಿಯ ಸಂವಹನ ಕೌಶಲದ ಕೊರತೆ' ಎಂದು ಬರೆದಿದ್ದೀರಿ. ಆ ಸಾಲನ್ನು ತೆಗೆಯಬೇಕು. ಇದನ್ನೇ ಮೂರು ಸಲ ಖಾಸಗಿಯಾಗಿ ಕೇಳಿದೆ. ಮೂರು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಇನ್ನು ಊರೆಲ್ಲ ಕೂಡಿ ಪರಿಶೀಲಿಸಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅವಳು ನನ್ನ ಅಕ್ಕನ ಮಗಳು. ಹತ್ತೊಂಬತ್ತು ವರ್ಷ. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ನಾನು ನಿಮ್ಮದೇ ಕಾಲೇಜಿನ ಕೇಶವಿನ್ಯಾಸ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಬೋಧಕಿ. "ಕೈಯಲ್ಲಿ ಒಂದು ಕೆಲ್ಸ ಇದ್ರೆ ಯಾರ ಹಂಗೂ ಇರಲ್ಲ ಕಣೇ" ಎಂದು ಪುಸಲಾಯಿಸಿ ಅವಳನ್ನು ಸೇರಿಸಿದವಳು ನಾನೇ. ಅಕ್ಕ ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು.

ನನ್ನ ವಿಭಾಗದ ನಿಯಮಕ್ಕೆ ಸಹಿ ಹಾಕಿದವರು ನೀವು. ಹೊಸಬರು ಎರಡು ತಿಂಗಳು ಪ್ಲಾಸ್ಟಿಕ್ ತಲೆಯ ಮೇಲೆಯೇ ಕತ್ತರಿ ಆಡಿಸಬೇಕು. ಗಿರಾಕಿಯ ಕೂದಲಿಗೆ ಬಣ್ಣ ಹಚ್ಚುವಾಗ ಬೋಧಕಿ ಪಕ್ಕದಲ್ಲಿರಬೇಕು. ಪಕ್ಕದ ಸೌಂದರ್ಯ ವಿಭಾಗದಲ್ಲಿ ಹುಬ್ಬು ತೀಡುವುದಕ್ಕೂ ಮೇಲ್ವಿಚಾರಕಿಯ ಒಪ್ಪಿಗೆ ಬೇಕು. ಹುಬ್ಬು ಕೆಟ್ಟರೆ ಮತ್ತೆ ಬೆಳೆಯುತ್ತದೆ, ಸ್ವಾಮಿ. ಸಾಯುತ್ತಿರುವ ಮನುಷ್ಯನ ಪಕ್ಕ ಒಬ್ಬ ಹುಡುಗಿಯನ್ನು ನಿಲ್ಲಿಸಲು ಮಾತ್ರ ಯಾರ ಒಪ್ಪಿಗೆಯೂ ಬೇಡವೇ? ನಿಮ್ಮ ಕೈಪಿಡಿ ಇದನ್ನು 'ಪ್ರತ್ಯಕ್ಷ ಅನುಭವ' ಎನ್ನುತ್ತದೆ. ಅನುಭವವೇನೋ ಪ್ರತ್ಯಕ್ಷವಾಗಿಯೇ ಆಯಿತು.

ಮೂರನೇ ವಾರಕ್ಕೇ ಅವಳನ್ನು ಆಸ್ಪತ್ರೆಯ ತುರ್ತು ವಾರ್ಡಿಗೆ ಕಳಿಸಿದಿರಿ. ಜೊತೆಗಿರಬೇಕಾದ ನಿಮ್ಮ ಬೋಧಕಿಯನ್ನು ಅವತ್ತು ಪ್ರವೇಶ ಮೇಳದ ಮಳಿಗೆಯಲ್ಲಿ ಕೂರಿಸಿದ್ದಿರಿ. ವಾರ್ಡಿನ ನರ್ಸ್ "ಒಂದೈದು ನಿಮಿಷ ನೋಡ್ಕೋ, ಬಂದೆ" ಎಂದು ಮೇಲಿನ ಮಹಡಿಗೆ ಹೋದರು. ಬೆಳಗ್ಗೆ ಹನ್ನೊಂದು ಗಂಟೆ, ಆರು ಹಾಸಿಗೆ, ಗುಬ್ಬಿ ಒಬ್ಬಳೇ. ಮುಂದಿನದನ್ನು ನನಗೆ ಹೇಳಿದ್ದು ಐದನೇ ಹಾಸಿಗೆಯಲ್ಲಿದ್ದ ಮುದುಕಿ. ನಿಮ್ಮ ವಿಚಾರಣಾ ಸಮಿತಿ ಆಕೆಯನ್ನು ಮಾತನಾಡಿಸಲೇ ಇಲ್ಲ.

ಎರಡನೇ ಹಾಸಿಗೆಯ ಅಜ್ಜನ ಉಸಿರು ನಿಂತಿತು. ಗುಬ್ಬಿ ನರ್ಸನ್ನು ಕೂಗಿದಳು, ಗಂಟೆ ಒತ್ತಿದಳು, ಯಾರೂ ಬರಲಿಲ್ಲ. ತರಗತಿಯ ಗೊಂಬೆಯ ಮೇಲೆ ಎರಡು ದಿನ ಕಲಿತಿದ್ದಂತೆ ಅಜ್ಜನ ಎದೆ ಒತ್ತತೊಡಗಿದಳು. ಪಕ್ಕೆಲುಬು ಲಟಕ್ಕೆಂದಿತು. ಸರಿಯಾಗಿ ಒತ್ತಿದರೂ ಕೆಲವೊಮ್ಮೆ ಹಾಗಾಗುತ್ತದಂತೆ. ಔಷಧಿ ಹಿಡಿದು ಅಷ್ಟೊತ್ತಿಗೆ ಒಳಗೆ ಬಂದ ಮಗನಿಗೆ ಅದು ಗೊತ್ತಿರಲಿಲ್ಲ. ಬಿಳಿ ಬಟ್ಟೆಯವಳೊಬ್ಬಳು ಅಪ್ಪನ ಮೂಳೆ ಮುರಿಯುತ್ತಿರುವುದಷ್ಟೇ ಅವನಿಗೆ ಕಂಡಿತು.

ಅವಳ ಜಡೆಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿ ಎಳೆದ. ಅವಳು ಬಿದ್ದಳು. ಬಿದ್ದವಳನ್ನು ಜಡೆ ಹಿಡಿದೇ ಬಾಗಿಲವರೆಗೆ ಎಳೆದ. ಹೊರಗಿದ್ದ ಅವನ ಇಬ್ಬರು ಭಾವಂದಿರು ಒಳನುಗ್ಗಿ ಬಾಯಿಗೆ ಒದ್ದರು. ಒಬ್ಬ ಕಬ್ಬಿಣದ ಸ್ಟೂಲು ಎತ್ತಿದ. ತಲೆಗೆ ಅಡ್ಡ ಹಿಡಿದ ಕೈ ಮೇಲೆ ಅದು ಬಿತ್ತು, ಮತ್ತೆ ಬಿತ್ತು. "ನಾನು ನರ್ಸಲ್ಲ, ಕಲಿಯೋಕೆ ಬಂದಿದೀನಿ" ಎಂದು ಅವಳು ಹೇಳುತ್ತಲೇ ಇದ್ದಳಂತೆ, ಹಲ್ಲು ಉದುರಿದ ಮೇಲೂ. ಸಂವಹನ ಕೌಶಲ ಇದಕ್ಕಿಂತ ಹೆಚ್ಚು ಏನಿರಬೇಕಿತ್ತು, ಮಾನ್ಯರೇ? ಕಾವಲುಗಾರ ಬಾಗಿಲಲ್ಲೇ ನಿಂತು "ಸಾಕು ಬಿಡ್ರಪ್ಪ" ಎಂದನಂತೆ. ಅವರು ಬಿಟ್ಟದ್ದು ಜಡೆಯ ಬುಡ ತಲೆಯಿಂದ ಕಿತ್ತು ಕೈಗೆ ಬಂದಮೇಲೆ. ಅಷ್ಟೊತ್ತಿಗೆ ಅಜ್ಜನ ಜೀವ ಹೋಗಿತ್ತು.

ಸುದ್ದಿ ತಿಳಿದು ನಾನು ಪಾಠ ನಿಲ್ಲಿಸಿ ಕತ್ತರಿಯ ಪೆಟ್ಟಿಗೆ ಹಿಡಿದೇ ಆಸ್ಪತ್ರೆಗೆ ಓಡಿದ್ದೆ. ಹೊಲಿಗೆ ಹಾಕಲು ಕೂದಲು ತೆಗೆಯಬೇಕಿತ್ತು. ವೈದ್ಯರು ಪೆಟ್ಟಿಗೆ ನೋಡಿ "ನಿಮ್ಮಿಂದ ಆಗುತ್ತಾ?" ಎಂದರು. ಆಗುತ್ತೆ ಎಂದೆ. ಒಣಗಿದ ರಕ್ತಕ್ಕೆ ಅಂಟಿದ ಕೂದಲನ್ನು ಒದ್ದೆ ಮಾಡಿ ಮಾಡಿ ಕತ್ತರಿಸಿದೆ. ಅಂಗೈಯಗಲ ಜಾಗದಲ್ಲಿ ಕತ್ತರಿಸಲು ಏನೂ ಇರಲಿಲ್ಲ. ತರಗತಿಯಲ್ಲಿ ಕಲಿಸುವಷ್ಟೇ ಓರಣವಾಗಿ ಕೆಲಸ ಮುಗಿಸಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಹೊರಗೆ ಬಂದಾಗ ಓಣಿಯ ಬೆಂಚಿನ ಮೇಲೆ ಆ ಮಗ ಪೊಲೀಸರಿಗಾಗಿ ಕಾಯುತ್ತ ಕೂತಿದ್ದ. ತೋಳಿನ ತುಂಬ ಗುಬ್ಬಿಯ ರಕ್ತ. ಕತ್ತರಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕೂದಲು ಹಿಡಿದು ಅವನ ತಲೆಯನ್ನು ಗೋಡೆಗೆ ಒತ್ತಿ ಕಿವಿ ಕತ್ತರಿಸಿದೆ. ಅರ್ಧ ಸೀಳಿತು. ಅವನು ಕೈ ಎತ್ತಲಿಲ್ಲ.

"ಅವಳು ನರ್ಸಲ್ವಾ?" ಎಂದ.

"ಮೂರು ವಾರ ಆಯ್ತು ಕಾಲೇಜಿಗೆ ಸೇರಿ."

"ನಮಗ್ಯಾರೂ ಹೇಳ್ಲಿಲ್ಲ."

ಕತ್ತರಿ ತಾನಾಗಿ ಕೆಳಗೆ ಬಿತ್ತು. ಅವನ ಕಿವಿಗೆ ಏಳು ಹೊಲಿಗೆ. ನನ್ನ ಮೇಲೆ ಮೊಕದ್ದಮೆ ನಡೆಯುತ್ತಿದೆ, ತಪ್ಪನ್ನು ಒಪ್ಪಿಕೊಂಡಿದ್ದೇನೆ. ಅವನೂ ತನ್ನದನ್ನು ಒಪ್ಪಿ ಜೈಲಿನಲ್ಲಿದ್ದಾನೆ. ನನ್ನನ್ನು ಅಮಾನತು ಮಾಡಿದ ನಿಮ್ಮ ಆದೇಶ ಎರಡೇ ದಿನದಲ್ಲಿ ಬಂತು, 'ಸಂಸ್ಥೆಯ ಘನತೆಗೆ ಧಕ್ಕೆ' ಎಂಬ ಕಾರಣದೊಂದಿಗೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಕತ್ತರಿಯಿಂದ ಮನುಷ್ಯನನ್ನು ಸೀಳಿದವಳು ಮಕ್ಕಳಿಗೆ ಕತ್ತರಿ ಹಿಡಿಯಲು ಕಲಿಸಬಾರದು. ಆದರೆ ನಮ್ಮಿಬ್ಬರ ಕೈಗೆ ಆ ರಕ್ತ ಹತ್ತುವಂತೆ ಏರ್ಪಾಡು ಮಾಡಿದ ನಿಮ್ಮ ಕೈ ಮಾತ್ರ ಅಷ್ಟು ಚೊಕ್ಕಟವಾಗಿ ಉಳಿದದ್ದು ಹೇಗೆ?

ಗುಬ್ಬಿ ಮನೆಯಲ್ಲಿದ್ದಾಳೆ. ಸ್ಟೂಲು ಎಳೆದ ಸದ್ದಾದರೆ ಮಂಚದ ಕೆಳಗೆ ಸೇರುತ್ತಾಳೆ. ಅಕ್ಕ ಅಡುಗೆಮನೆಯ ಸ್ಟೂಲುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳು. ಕಾಲೇಜಿಗೆ ಬರದಿದ್ದಕ್ಕೆ ಹಾಜರಾತಿ ಕೊರತೆ ಎಂದು ನಿಮ್ಮ ಕಚೇರಿಯಿಂದ ಅವಳಿಗೆ ನೋಟಿಸು ಬಂದಿದೆ.

ಆ ಸಾಲನ್ನು ವರದಿಯಿಂದ ತೆಗೆಯಿರಿ. ಅಲ್ಲಿ, ಅವತ್ತು ಬೋಧಕಿ ಎಲ್ಲಿದ್ದರು, ಯಾರು ಕಳಿಸಿದ್ದರು ಎಂದು ಬರೆಯಿರಿ. ಜೊತೆಗೊಬ್ಬ ಬೋಧಕರಿಲ್ಲದೆ ಇನ್ನೊಂದು ಮಗು ವಾರ್ಡಿನ ಹೊಸ್ತಿಲು ದಾಟಬಾರದು.

ಇನ್ನೊಂದು ಕೆಲಸವಿದೆ. ಮೊನ್ನೆ ಗುಬ್ಬಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು: "ಚಿಕ್ಕಮ್ಮ, ನಾನು ಸರಿಯಾಗಿ ಒತ್ತಿದ್ನಾ?" ನನಗೆ ಉತ್ತರ ಗೊತ್ತಿಲ್ಲ, ನಾನು ಕೂದಲಿನ ಕೆಲಸದವಳು. ಗೊತ್ತಿರುವವರು ಯಾರಾದರೂ ನಿಮ್ಮಲ್ಲಿದ್ದರೆ, ದಯವಿಟ್ಟು ಮನೆಗೆ ಕಳಿಸಿಕೊಡಿ. ಹಗಲು ಹೊತ್ತಿನಲ್ಲಿ ಬರಲಿ, ಮೆಲ್ಲಗೆ ಬಾಗಿಲು ತಟ್ಟಲಿ.

ಇಂತಿ,
ಪ್ರವೇಶ ಅರ್ಜಿಯಲ್ಲಿ 'ಪೋಷಕರು' ಎಂಬಲ್ಲಿ ಸಹಿ ಹಾಕಿದ
ಅವಳ ಚಿಕ್ಕಮ್ಮ